ಸ್ಮಾರ್ಟ್ ಸ್ವಿಚ್ಚಿನ ಮೇಲೆ ಎಲ್‌ಇಡಿ ಬಲ್ಬು ಯಾಕೆ ಮಿಣಮಿಣ ಅನ್ನುತ್ತದೆ?

ಪ್ರಶ್ನೆ: ವಿಜಯಪುರದ ಜಲನಗರದಲ್ಲಿ ನಮ್ಮದು ಹಳೆಯ ಮನೆ. ಬಣ್ಣ ಹಚ್ಚಿಸುವಾಗ ಹಾಲ್ ಮತ್ತು ಬೆಡ್‌ರೂಮಿನ ಸ್ವಿಚ್ ಬೋರ್ಡುಗಳ ಹಿಂದೆ ಸ್ಮಾರ್ಟ್ ಮಾಡ್ಯೂಲ್ ಕೂಡಿಸಿದೆವು. ಮೊಬೈಲಿನಿಂದ ಬೆಳಕು ಕಡಿಮೆ, ಜಾಸ್ತಿ ಮಾಡುವ ಸೌಲಭ್ಯವೂ ಅದರಲ್ಲಿದೆ. ಬಲ್ಬು ಮಾತ್ರ ಮನೆಯಲ್ಲಿದ್ದ 9 ವ್ಯಾಟಿನ ಎಲ್‌ಇಡಿಗಳೇ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬಲ್ಬು ಮಿಣಮಿಣ ಅನ್ನುತ್ತದೆ, ಗುಂಯ್ ಎಂದು ಸಪ್ಪಳ ಬರುತ್ತದೆ. ಬೆಡ್‌ರೂಮಿನ ಬಲ್ಬು ಆಫ್ ಮಾಡಿದ ಮೇಲೂ ಕತ್ತಲಲ್ಲಿ ಸಣ್ಣಗೆ ಉರಿಯುತ್ತಿರುತ್ತದೆ. ಇನ್ವರ್ಟರ್ ಮೇಲಿದ್ದಾಗ ಇನ್ನೂ ಜಾಸ್ತಿ ತೊಂದರೆ. ಈಗಾಗಲೇ ಎರಡು ಬಲ್ಬು ಸುಟ್ಟಿವೆ. ಬಲ್ಬಿನ ಅಂಗಡಿಯವರು ಸ್ವಿಚ್ ಸರಿಯಿಲ್ಲ ಎನ್ನುತ್ತಾರೆ. ಸ್ವಿಚ್ ಕೂಡಿಸಿದವರು ಬಲ್ಬು ಸರಿಯಿಲ್ಲ ಎನ್ನುತ್ತಾರೆ. ಅತ್ತೆಯವರಿಗೆ ಮೊಬೈಲ್ ಬಳಸಲು ಬರುವುದಿಲ್ಲ. ಯಾವುದನ್ನು ಬದಲಿಸಬೇಕು?

ಉತ್ತರ: ನಿಮ್ಮ ಮಾಡ್ಯೂಲೂ ಕೆಟ್ಟಿಲ್ಲ, ಬಲ್ಬೂ ಕೆಟ್ಟದ್ದಲ್ಲ. ಎರಡಕ್ಕೂ ಹೊಂದಾಣಿಕೆ ಇಲ್ಲ, ಅಷ್ಟೇ. ಏನೇ ಬದಲಿಸುವ ಮೊದಲು ಒಂದು ವಿಷಯ ತೀರ್ಮಾನ ಮಾಡಿ: ಬೆಳಕು ಇಳಿಸುವ ಕೆಲಸವನ್ನು ಯಾರು ಮಾಡಬೇಕು, ಸ್ವಿಚ್ಚೋ ಬಲ್ಬೋ? ಇಬ್ಬರಲ್ಲಿ ಒಬ್ಬರೇ ಮಾಡಬೇಕು. ಒಂದೇ ಬೋರ್‌ವೆಲ್ ಪೈಪಿಗೆ ಇಬ್ಬರು ಎರಡು ಕಡೆ ನಿಂತು ವಾಲ್ವ್ ತಿರುಗಿಸಿದರೆ ಗಿಡಕ್ಕೆ ಎಷ್ಟು ನೀರು ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಹಾಲ್‌ನಲ್ಲಿ ಆಗುತ್ತಿರುವುದು ಅದೇ.

ಹೇಗೆಂದು ನೋಡೋಣ. ನಮ್ಮ ಮನೆಗೆ ಬರುವ ಕರೆಂಟು 230 ವೋಲ್ಟ್, 50 ಹರ್ಟ್ಸ್. ಅದು ಅಲೆಯ ಹಾಗೆ ಏರಿ ಇಳಿಯುತ್ತದೆ. ಒಂದು ಸೆಕೆಂಡಿಗೆ 100 ಅರ್ಧ ಅಲೆಗಳು, ಒಂದೊಂದೂ 10 ಮಿಲಿಸೆಕೆಂಡಿನದು. ಡಿಮ್ಮರ್ ಸ್ವಿಚ್, ಅಂದರೆ ನಿಮ್ಮ ಮಾಡ್ಯೂಲಿನಲ್ಲಿರುವಂಥ ಬೆಳಕು ಇಳಿಸುವ ಸ್ವಿಚ್, ವೋಲ್ಟೇಜ್ ಇಳಿಸುವುದಿಲ್ಲ. ಪ್ರತಿ ಅರ್ಧ ಅಲೆಯಲ್ಲಿ ಒಂದು ಭಾಗವನ್ನು ಕತ್ತರಿಸಿ, ಉಳಿದದ್ದನ್ನು ಮಾತ್ರ ಬಲ್ಬಿಗೆ ಬಿಡುತ್ತದೆ. ಹಳೆಯ ತಂತಿಯ ಬಲ್ಬಿಗೆ ಇದರಿಂದ ಏನೂ ತೊಂದರೆ ಇರಲಿಲ್ಲ. ಕಾದ ತಂತಿ ಅಷ್ಟು ಬೇಗ ಆರುವುದಿಲ್ಲ, ಹಾಗಾಗಿ ಕತ್ತರಿಸಿದ್ದು ಕಣ್ಣಿಗೆ ಗೊತ್ತೇ ಆಗುತ್ತಿರಲಿಲ್ಲ.

ಎಲ್‌ಇಡಿ ಬಲ್ಬಿನೊಳಗೆ ತಂತಿ ಇಲ್ಲ. ಡ್ರೈವರ್ ಎನ್ನುವ ಸಣ್ಣ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಸ್ವಲ್ಪ ಏರಲಿ, ಇಳಿಯಲಿ, ಬೆಳಕು ಒಂದೇ ಸಮ ಇರುವಂತೆ ನೋಡಿಕೊಳ್ಳುವುದೇ ಅದರ ಕೆಲಸ. ಸ್ವಿಚ್ ಅಲೆ ಕತ್ತರಿಸಿ 'ಬೆಳಕು ಕಡಿಮೆ ಮಾಡು' ಎನ್ನುತ್ತದೆ. ಸಾಮಾನ್ಯ ಡ್ರೈವರಿಗೆ ಆ ಮಾತು ಅರ್ಥವಾಗುವುದಿಲ್ಲ. ಕರೆಂಟು ಕಡಿಮೆ ಬರುತ್ತಿದೆ ಎಂದುಕೊಂಡು ಬೆಳಕು ಹಿಡಿದಿಡಲು ಒದ್ದಾಡುತ್ತದೆ. ಅರ್ಧದವರೆಗೆ ಹೇಗೋ ತಡೆಯುತ್ತದೆ, ಆಮೇಲೆ ಕೈಬಿಡುತ್ತದೆ, ಮತ್ತೆ ಹಿಡಿಯುತ್ತದೆ. ನೀವು ಕಾಣುವ ಮಿಣಮಿಣ ಅದೇ.

ಡಿಮ್ಮರಿನ ಕಡೆಯೂ ಒಂದು ಕಾರಣ ಇದೆ. ಕಡಿಮೆ ಬೆಲೆಯ ಡಿಮ್ಮರುಗಳಲ್ಲಿ ಟ್ರಯಾಕ್ ಎನ್ನುವ ಬಿಡಿಭಾಗ ಇರುತ್ತದೆ. ತನ್ನ ಮೂಲಕ ಇಷ್ಟಾದರೂ ಕರೆಂಟು ಹರಿಯುತ್ತಿದ್ದರೆ ಮಾತ್ರ ಅದು ಆನ್ ಆಗಿ ಉಳಿಯುತ್ತದೆ. 60 ವ್ಯಾಟಿನ ಹಳೆಯ ಬಲ್ಬು ಸುಮಾರು 260 ಮಿಲಿ ಆಂಪಿಯರ್ ಎಳೆಯುತ್ತಿತ್ತು. 9 ವ್ಯಾಟಿನ ಎಲ್‌ಇಡಿ ಅದರ ಸಣ್ಣ ಪಾಲನ್ನಷ್ಟೇ ಎಳೆಯುತ್ತದೆ, ಅದನ್ನೂ ತುಂಡು ತುಂಡಾಗಿ. ಟ್ರಯಾಕ್ ನಡುವೆಯೇ ಆರಿಹೋಗಿ ಮತ್ತೆ ಹತ್ತುತ್ತದೆ. ಡಿಮ್ಮರಿನ ಪೆಟ್ಟಿಗೆಯ ಮೇಲೆ ಕನಿಷ್ಠ ಲೋಡ್, ಅಂದರೆ ಕಡಿಮೆಯೆಂದರೂ ಎಷ್ಟು ವ್ಯಾಟಿನ ಬಲ್ಬು ಇರಬೇಕು ಎಂದು ಬರೆದಿರುತ್ತಾರೆ ನೋಡಿ. ಅದು 40 ವ್ಯಾಟ್ ಇದ್ದು, ನಿಮ್ಮದು ಒಂಟಿ 9 ವ್ಯಾಟಿನ ಬಲ್ಬಾದರೆ ಎಷ್ಟೇ ಒಳ್ಳೆಯ ಬಲ್ಬು ತಂದರೂ ಅದು ಮಿಣುಕಬಹುದು. ಗರಿಷ್ಠ ಲೋಡ್ 400 ವ್ಯಾಟ್ ಎಂದು ಬರೆದದ್ದನ್ನೂ ಪೂರ್ತಿ ನಂಬಬೇಡಿ. ಸಾಮಾನ್ಯವಾಗಿ ಅದು ಹಳೆಯ ತಂತಿ ಬಲ್ಬಿನ ಲೆಕ್ಕ. ಎಲ್‌ಇಡಿಗೆ ಬೇರೆ, ತೀರಾ ಚಿಕ್ಕ ಅಂಕಿ ಇರುತ್ತದೆ. ಅದನ್ನು ಹುಡುಕಿ ಓದಿ.

ಬಲ್ಬು ಸುಟ್ಟದ್ದು ಯಾಕೆ? ಟ್ರಯಾಕ್ ಡಿಮ್ಮರ್ ಅಲೆಯ ಮೊದಲ ಭಾಗವನ್ನು ಕತ್ತರಿಸಿ, ನಡುವೆ ಒಮ್ಮೆಲೇ ಆನ್ ಆಗುತ್ತದೆ. ಅಲೆಯ ತುದಿಯಲ್ಲಿ ಆನ್ ಆದರೆ ವೋಲ್ಟೇಜ್ ಸೊನ್ನೆಯಿಂದ 325ರ ಹತ್ತಿರಕ್ಕೆ ಒಂದೇ ಏಟಿಗೆ ಜಿಗಿಯುತ್ತದೆ. ಡ್ರೈವರಿನೊಳಗೆ ಕರೆಂಟು ಕೂಡಿಡುವ ಕೆಪಾಸಿಟರಿಗೆ ಸೆಕೆಂಡಿಗೆ ನೂರು ಸಲ ಈ ಏಟು ಬೀಳುತ್ತದೆ. ಗುಂಯ್ ಸಪ್ಪಳ ಬರುವುದೂ ಹೀಗೆಯೇ. ಏಟು ತಿಂದ ಕೆಪಾಸಿಟರ್ ಬಿಸಿಯಾಗುತ್ತದೆ. ಕೆಪಾಸಿಟರಿಗೆ ಶಾಖ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವಿಜಯಪುರದ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ. ಬಲ್ಬು ಇರುವುದು ಛಾವಣಿಗೆ ಅಂಟಿದ, ಗಾಳಿಯಾಡದ ಗಾಜಿನ ಡೂಮಿನೊಳಗೆ ಎಂದಾದರೆ ಅದರ ಪಾಡು ಏನಾಗಬೇಡ. ಎಲ್‌ಇಡಿ ಬಲ್ಬು ಹೋಯಿತು ಎಂದರೆ ಬಹಳ ಸಲ ಹೋಗಿರುವುದು ಬೆಳಕು ಕೊಡುವ ಚಿಪ್ಪಲ್ಲ, ಈ ಡ್ರೈವರು.

ಇನ್ನು ಬೆಡ್‌ರೂಮಿನ ಬಲ್ಬು ಆಫ್ ಆದ ಮೇಲೂ ಉರಿಯುವ ವಿಚಾರ. ಇದನ್ನು ಸುಮ್ನೆ ಬಿಡಬೇಡಿ. ಕಾರಣ ಮೂರರಲ್ಲಿ ಒಂದಿರಬಹುದು, ಅದರಲ್ಲಿ ಒಂದು ಅಪಾಯದ್ದು. ಅದನ್ನೇ ಮೊದಲು ಪರೀಕ್ಷಿಸಿ. ಸ್ವಿಚ್ ಯಾವಾಗಲೂ ಫೇಸ್ ವಾಯರ್, ಅಂದರೆ ಕರೆಂಟು ತರುವ ವಾಯರ್ ಕಡಿಯಬೇಕು. ಹಳೆಯ ಮನೆಗಳಲ್ಲಿ ಎಲ್ಲೋ ರಿಪೇರಿ ಮಾಡುವಾಗ ಅದಲುಬದಲಾಗಿ ಸ್ವಿಚ್ ಕೆಲವೊಮ್ಮೆ ನ್ಯೂಟ್ರಲ್ (ಕರೆಂಟು ಮರಳುವ ವಾಯರ್) ಮೇಲೆ ಬಂದಿರುತ್ತದೆ. ತಂತಿ ಬಲ್ಬು ಇದ್ದಾಗ ಅದು ಯಾರಿಗೂ ಗೊತ್ತಾಗಿರುವುದಿಲ್ಲ. ಈಗ ಆಫ್ ಮಾಡಿದರೂ ಹೋಲ್ಡರಿನಲ್ಲಿ ಫೇಸ್ ನಿಂತಿರುತ್ತದೆ, ಅದರಿಂದ ಸೋರುವ ಚೂರು ಕರೆಂಟಿಗೇ ಎಲ್‌ಇಡಿ ಮಿನುಗುತ್ತದೆ. ಆಫ್ ಮಾಡಿದ್ದೇನಲ್ಲ ಎಂದು ಬಲ್ಬು ಬದಲಿಸಲು ಹೋದವರಿಗೆ ಶಾಕ್ ಹೊಡೆಯುತ್ತದೆ. ಟೆಸ್ಟರ್ ಒಂದನ್ನೇ ನಂಬಬೇಡಿ, ಪಕ್ಕದ ವಾಯರಿನ ಪ್ರಭಾವಕ್ಕೂ ಅದು ಹತ್ತುತ್ತದೆ. ಮೇನ್ ಆಫ್ ಮಾಡಿಸಿ, ಲೈಸೆನ್ಸ್ ಇರುವ ವಾಯರ್‌ಮನ್ ಒಬ್ಬರಿಂದ ಬೋರ್ಡು ಬಿಚ್ಚಿಸಿ, ವಾಯರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ನೋಡಿಸಿ. ಅಲ್ಲಿಯವರೆಗೆ ಆ ಬಲ್ಬನ್ನು ಮುಟ್ಟಬೇಡಿ.

ಎರಡನೆಯ ಕಾರಣ, ಮಾಡ್ಯೂಲಿಗೆ ನ್ಯೂಟ್ರಲ್ ಸಿಕ್ಕಿಲ್ಲದಿರಬಹುದು. ಸ್ಮಾರ್ಟ್ ಸ್ವಿಚ್ಚಿನೊಳಗೆ ವೈಫೈ ಇದೆ, ಅದು ಹಗಲೂ ರಾತ್ರಿ ಎಚ್ಚರ ಇರಬೇಕು. ಅದಕ್ಕೆ ಫೇಸ್ ಮತ್ತು ನ್ಯೂಟ್ರಲ್ ಎರಡೂ ಬೇಕು. ನಿಮ್ಮ ಹಾಲಿನ ಬೋರ್ಡಿನಲ್ಲಿ ಟಿವಿ ಪ್ಲಗ್ಗು ಇದ್ದರೆ ಅದೇ ಡಬ್ಬಿಯಲ್ಲಿ ನ್ಯೂಟ್ರಲ್ ಇದ್ದೇ ಇರುತ್ತದೆ. ಮಂಚದ ತಲೆಯ ಹತ್ತಿರದ ಟೂ-ವೇ (ಒಂದೇ ಬಲ್ಬನ್ನು ಎರಡು ಕಡೆಯಿಂದ ಹಾಕುವ) ಸ್ವಿಚ್ ಬೋರ್ಡಿನಲ್ಲಿ, ಮೆಟ್ಟಿಲ ಬೋರ್ಡಿನಲ್ಲಿ ಸಾಮಾನ್ಯವಾಗಿ ಬರೀ ಸ್ವಿಚ್ಚಿನ ವಾಯರುಗಳು ಇರುತ್ತವೆ, ನ್ಯೂಟ್ರಲ್ ಇರುವುದಿಲ್ಲ. ನ್ಯೂಟ್ರಲ್ ಇಲ್ಲದೆ ನಡೆಯುವ ಮಾಡ್ಯೂಲುಗಳು ಬಲ್ಬಿನ ಮೂಲಕವೇ ತಮಗೆ ಬೇಕಾದ ಚೂರು ಕರೆಂಟು ಎಳೆದುಕೊಳ್ಳುತ್ತವೆ. ಆ ಚೂರಿಗೆ ಬಲ್ಬು ಮಿನುಗುತ್ತದೆ. ಇದಕ್ಕೆ ಮಾಡ್ಯೂಲ್ ಮಾಡಿದ ಕಂಪನಿಯೇ ಬೈಪಾಸ್ ಎನ್ನುವ ಚಿಕ್ಕ ಕೆಪಾಸಿಟರ್ ಕೊಡುತ್ತದೆ. ಅದನ್ನು ಸ್ವಿಚ್ಚಿನ ಬಳಿ ಅಲ್ಲ, ಬಲ್ಬಿನ ಬಳಿ, ಛಾವಣಿಯಲ್ಲಿ ವಾಯರು ಸೇರುವ ಸೀಲಿಂಗ್ ರೋಸ್ ಒಳಗೆ ಹೋಲ್ಡರಿನ ಎರಡು ವಾಯರುಗಳ ನಡುವೆ ಕೂಡಿಸಬೇಕು. ಮೂರನೆಯ ಕಾರಣವೆಂದರೆ ಫೇಸ್ ವಾಯರಿನ ಜೊತೆಗೆ ಒಂದೇ ಪೈಪಿನಲ್ಲಿ ದೂರದವರೆಗೆ ಓಡಿದ ಸ್ವಿಚ್ ವಾಯರು. ಮುಟ್ಟದೆಯೇ ಒಂದರಿಂದ ಇನ್ನೊಂದಕ್ಕೆ ಸ್ವಲ್ಪ ಕರೆಂಟು ದಾಟುತ್ತದೆ. ಅದಕ್ಕೂ ಇದೇ ಬೈಪಾಸ್ ಸಾಕು.

ನ್ಯೂಟ್ರಲ್ ಸಿಗದ ಕಡೆ ಕೆಲವರು ಅರ್ಥಿಂಗ್ ವಾಯರನ್ನೇ ನ್ಯೂಟ್ರಲ್ ಎಂದು ಬಳಸಿ ಕೆಲಸ ಮುಗಿಸುತ್ತಾರೆ. ನಿಮ್ಮ ಮನೆಯಲ್ಲಿ ಹಾಗೆ ಮಾಡಿದ್ದಾರಾ ಎಂದು ಖಂಡಿತ ನೋಡಿಸಿ. ಆ ವಾಯರ್ ಎಲ್ಲೋ ಸಡಿಲಾದ ದಿನ ಫ್ರಿಜ್, ವಾಷಿಂಗ್ ಮಷಿನ್ ಮೈಗೆಲ್ಲ ಕರೆಂಟು ಬರಬಹುದು. ಬೆಳಕಿನ ಸೌಖ್ಯಕ್ಕೆ ಜೀವ ಒತ್ತೆ ಇಡುವುದು ಬೇಡ. ಬೇರೆ ಸರ್ಕ್ಯೂಟಿನ ನ್ಯೂಟ್ರಲ್ ಎರವಲು ತರುವುದೂ ಸರಿಯಲ್ಲ, ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೆ ಪದೇ ಪದೇ ಬೀಳುತ್ತದೆ.

ಈಗ ಬದಲಿಸುವ ಮಾತು. ನಾನಾದರೆ ಹಾಲಿನಲ್ಲಿ ಒಂದು ದಾರಿ, ಬೆಡ್‌ರೂಮಿನಲ್ಲಿ ಇನ್ನೊಂದು ದಾರಿ ಹಿಡಿಯುತ್ತೇನೆ.

ಹಾಲಿನಲ್ಲಿ ಸ್ವಿಚ್ಚೇ ಬೆಳಕು ಇಳಿಸಲಿ. ಅಲ್ಲಿ ಮನೆಮಂದಿ ಎಲ್ಲ ಗೋಡೆಯ ಸ್ವಿಚ್ ಒತ್ತುತ್ತಾರೆ, ಬಲ್ಬುಗಳೂ ನಾಲ್ಕಾರು ಇರುತ್ತವೆ, ಲೋಡ್ ಸಾಕಾಗುತ್ತದೆ. ಮಾಡ್ಯೂಲಿನ ವಿವರದಲ್ಲಿ ಟ್ರೇಲಿಂಗ್ ಎಡ್ಜ್ ಎಂದು ಇದೆಯಾ ನೋಡಿ. ಇದು ಅಲೆಯ ಕೊನೆಯ ಭಾಗವನ್ನು ಕತ್ತರಿಸುವ ಬಗೆ. ಸೊನ್ನೆಯಿಂದ ನಿಧಾನ ಏರುವುದರಿಂದ ಕೆಪಾಸಿಟರಿಗೆ ಏಟು ಬೀಳುವುದಿಲ್ಲ, ಸಪ್ಪಳವೂ ಕಡಿಮೆ. ಎಲ್‌ಇಡಿಗೆ ಇದೇ ಒಳ್ಳೆಯದು. ಬಲ್ಬಿನ ಪೆಟ್ಟಿಗೆಯ ಮೇಲೆ ಡಿಮ್ಮಬಲ್ (ಡಿಮ್ಮರಿನಿಂದ ಇಳಿಸಬಹುದಾದದ್ದು) ಎಂದು ಅಚ್ಚಾಗಿರಲೇಬೇಕು. ಅಂಗಡಿಯವರು ಬಾಯಿಮಾತಲ್ಲಿ ಹೇಳಿದರೆ ಸಾಲದು. ಸರ್ಕಾರದ ಉಜಾಲಾ ಯೋಜನೆಯಲ್ಲಿ ಬಂದ 9 ವ್ಯಾಟಿನ ಬಲ್ಬುಗಳು ಒಳ್ಳೆಯವೇ, ಆದರೆ ಡಿಮ್ಮರಿಗಾಗಿ ಮಾಡಿದವಲ್ಲ. ಅವನ್ನು ಅಡುಗೆಮನೆಗೆ, ಹಿತ್ತಲಿಗೆ ಹಾಕಿ. ಮನೆಯಲ್ಲಿ ಸುರುಳಿಯಾಕಾರದ ಹಳೆಯ ಸಿಎಫ್‌ಎಲ್ ಉಳಿದಿದ್ದರೆ ಡಿಮ್ಮರಿನ ಹತ್ತಿರವೂ ತರಬೇಡಿ. ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ, ಕಸದ ಬುಟ್ಟಿಗೂ ಹಾಕಬಾರದು.

ಒಂದೇ ಡಿಮ್ಮರಿನ ಮೇಲೆ ಎಲ್ಲ ಬಲ್ಬೂ ಒಂದೇ ಕಂಪನಿ, ಒಂದೇ ಮಾಡೆಲ್ ಇರಲಿ. ಬೇರೆ ಬೇರೆ ಹಾಕಿದರೆ ಒಂದು ಬೇಗ ಆರುತ್ತದೆ, ಇನ್ನೊಂದು ಮಿಣುಕುತ್ತದೆ. ಮೊದಲು ಒಂದೇ ಮಾದರಿಯ ಎರಡು ಮೂರು ಬಲ್ಬು ತಂದು ರಾತ್ರಿ ಹೊತ್ತು ಪರೀಕ್ಷಿಸಿ. ಆಮೇಲೆ ಆ್ಯಪ್‌ನಲ್ಲಿ ಕನಿಷ್ಠ ಮಟ್ಟ ಎನ್ನುವ ಸೆಟ್ಟಿಂಗ್ ಹುಡುಕಿ. ಬಹಳಷ್ಟು ಒಳ್ಳೆಯ ಮಾಡ್ಯೂಲುಗಳಲ್ಲಿ ಇರುತ್ತದೆ. ಬೆಳಕನ್ನು ನಿಧಾನ ಇಳಿಸುತ್ತಾ ಹೋಗಿ. ಎಲ್ಲಿ ಮಿಣುಕಲು ಶುರುವಾಗುತ್ತದೋ ಅದಕ್ಕಿಂತ ಸ್ವಲ್ಪ ಮೇಲೆ ಕನಿಷ್ಠವನ್ನು ಕಟ್ಟಿಹಾಕಿ. ಅಲ್ಲಿಂದ ಕೆಳಗೆ ಯಾರೂ ಇಳಿಸಲಾರರು.

ಪೆಟ್ಟಿಗೆಯ ಮೇಲೆ ಶೇ. 10ರವರೆಗೆ ಇಳಿಯುತ್ತದೆ ಎಂದು ಬರೆದಿದ್ದರೆ ನಿಮ್ಮ ಕಣ್ಣಿಗೆ ಅದು ಶೇ. 10 ಅನ್ನಿಸುವುದಿಲ್ಲ. ಬೆಳಕು ಕಡಿಮೆಯಾದಂತೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಮೀಟರಿನಲ್ಲಿ ಶೇ. 10 ಇರುವ ಬೆಳಕು ಕಣ್ಣಿಗೆ ಸುಮಾರು ಮೂರನೇ ಒಂದು ಪಾಲಿನಷ್ಟು ಕಾಣುತ್ತದೆ. ಶೇ. 25 ಇದ್ದದ್ದು ಅರ್ಧದಷ್ಟು ಕಾಣುತ್ತದೆ. ಎಷ್ಟು ಇಳಿಸಿದರೂ ಸಾಕಷ್ಟು ಕತ್ತಲಾಗಲಿಲ್ಲ ಎನ್ನುವವರ ದೂರಿಗೆ ಕಾರಣ ಇದು. ಬಲ್ಬಿನ ತಪ್ಪಲ್ಲ.

ಬಣ್ಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬಿಳಿ ಬೆಳಕು, ಅಂದರೆ 6500 ಕೆಲ್ವಿನ್ ಬಲ್ಬೇ ಜಾಸ್ತಿ ಮಾರಾಟ. ಪೂರ್ತಿ ಉರಿದಾಗ ಅದು ಚೆಂದ. ಇಳಿಸಿದಾಗ ಬೂದಿ ಬಡಿದಂತೆ ಕಾಣುತ್ತದೆ. ತಂತಿ ಬಲ್ಬು ಇಳಿಸಿದರೆ ತಾನೇ ಹಳದಿಗೆ ತಿರುಗುತ್ತಿತ್ತು, ಸಾಮಾನ್ಯ ಎಲ್‌ಇಡಿ ಹಾಗೆ ತಿರುಗುವುದಿಲ್ಲ. ಡಿಮ್ ಮಾಡಲೆಂದೇ ಕೊಳ್ಳುವವರು ಹಳದಿ ಬೆಳಕಿನ 2700 ಅಥವಾ 3000 ಕೆಲ್ವಿನ್ ಬಲ್ಬು ತನ್ನಿ. ಹಾಲಿನಲ್ಲಿ ಮಕ್ಕಳು ಓದುವ ಜಾಗಕ್ಕೆ ಬೇರೆ ಬಿಳಿ ಟ್ಯೂಬ್‌ಲೈಟ್ ಇರಲಿ.

ಬೆಡ್‌ರೂಮಿನಲ್ಲಿ ಬಲ್ಬೇ ಬೆಳಕು ಇಳಿಸಲಿ. ಅಂದರೆ ಒಳಗೇ ವೈಫೈ ಇದ್ದು ಮೊಬೈಲಿನಿಂದ ನಡೆಯುವ ಒಂದು ಸ್ಮಾರ್ಟ್ ಬಲ್ಬು. ಅದಕ್ಕೆ ಪೂರ್ತಿ ಅಲೆ ಬೇಕು, ಕತ್ತರಿಸಿದ್ದಲ್ಲ. ಆ ಹೋಲ್ಡರಿನ ಮೇಲಿರುವ ಡಿಮ್ಮರ್ ಮಾಡ್ಯೂಲ್ ತೆಗೆಸಿ ಸಾಮಾನ್ಯ ಸ್ವಿಚ್ ಮಾಡಿಸಿ. ಸ್ಮಾರ್ಟ್ ಬಲ್ಬು ಮತ್ತು ಡಿಮ್ಮರ್ ಒಂದೇ ಸಾಲಿನಲ್ಲಿ ಇರಲೇಬಾರದು. ಒಂದೇ ಬಲ್ಬಾದರೂ ಕನಿಷ್ಠ ಲೋಡಿನ ಚಿಂತೆ ಇಲ್ಲ. ಮಂಚದ ಬಳಿಯ ಬೋರ್ಡಿನಲ್ಲಿ ನ್ಯೂಟ್ರಲ್ ಬೇಕಿಲ್ಲ.

ಆದರೆ ಸ್ಮಾರ್ಟ್ ಬಲ್ಬಿನ ತೊಂದರೆಗಳು ನಮ್ಮ ಊರಿನ ಕರೆಂಟಿನ ಜೊತೆ ಸೇರಿದಾಗ ಜಾಸ್ತಿ. ರಾತ್ರಿ ಎರಡಕ್ಕೆ ಕರೆಂಟು ಹೋಗಿ ಬಂತು ಎನ್ನಿ, ಬಹಳ ಬಲ್ಬುಗಳು ತಾವಾಗಿಯೇ ಪೂರ್ತಿ ಬೆಳಕಿನಲ್ಲಿ ಹತ್ತಿಬಿಡುತ್ತವೆ. ಮಲಗಿದವರೆಲ್ಲ ಎದ್ದು ಕೂರಬೇಕು. ಕರೆಂಟು ಬಂದಾಗ ಹೇಗಿರಬೇಕು ಎನ್ನುವ ಸೆಟ್ಟಿಂಗ್ ಆ್ಯಪ್‌ನಲ್ಲಿ ಇರುತ್ತದೆ. ಅದನ್ನು ಹಿಂದೆ ಇದ್ದ ಸ್ಥಿತಿಗೆ ಇಡಿ. ಆ ಸೆಟ್ಟಿಂಗ್ ಇಲ್ಲದ ಬಲ್ಬು ಬೆಡ್‌ರೂಮಿಗೆ ಬೇಡ. ಇನ್ನೊಂದು, ಕೆಲವು ಬಲ್ಬುಗಳನ್ನು ಮೂರು ಸಲ ಬೇಗ ಬೇಗ ಆಫ್ ಆನ್ ಮಾಡಿದರೆ ಅವು ವೈಫೈ ಮರೆತು ಹೊಸದಾಗಿ ಜೋಡಿಸಿ ಎಂದು ಮಿನುಗುತ್ತಾ ಕೂರುತ್ತವೆ. ಮಳೆಗಾಲದ ಗಾಳಿಗೆ ಕರೆಂಟು ಹೋಗಿ ಬಂದು, ಹೋಗಿ ಬಂದು ಮಾಡಿದರೂ ಬಲ್ಬಿಗೆ ಹಾಗೆಯೇ ಅನ್ನಿಸಬಹುದು. ಮನೆಯ ಬೇರೆ ಎಲ್ಲ ಸರಿ ಇದ್ದು ಅದೊಂದೇ ಬಲ್ಬು ಸಂಪರ್ಕ ಕಳೆದುಕೊಂಡರೆ ಬಲ್ಬು ಕೆಟ್ಟಿತು ಎಂದು ಎಸೆಯಬೇಡಿ, ಮತ್ತೆ ಜೋಡಿಸಿ ನೋಡಿ.

ಅತ್ತೆಯವರ ಕೋಣೆಗೆ ಇದ್ಯಾವುದೂ ಬೇಡ ಎನ್ನುವುದು ನನ್ನ ಅಭಿಪ್ರಾಯ. ಅವರು ಗೋಡೆಯ ಸ್ವಿಚ್ ಆಫ್ ಮಾಡಿದರೆ ಸ್ಮಾರ್ಟ್ ಬಲ್ಬು ಸತ್ತಂತೆ, ಮೊಬೈಲಿಗೆ ಸಿಗುವುದಿಲ್ಲ. ಅವರ ಸ್ವಿಚ್ ಮೇಲೆ ಟೇಪ್ ಅಂಟಿಸಿ ಮುಟ್ಟಬೇಡಿ ಎಂದು ಹೇಳುವುದು ಸರಿಯಲ್ಲ, ಅಲ್ವಾ? ಹಿರಿಯರಿಗೆ ಕೈಗೆ ಸಿಗುವ ಸ್ವಿಚ್ ಬೇಕು, ಒತ್ತಿದ ಕೂಡಲೇ ಬೆಳಕು ಬರಬೇಕು. ಅಲ್ಲಿ ಒಂದು ಸಾಮಾನ್ಯ 9 ವ್ಯಾಟಿನ ಬಲ್ಬು, ಇನ್ನೊಂದು ಸ್ವಿಚ್ಚಿಗೆ ಅರ್ಧ ವ್ಯಾಟಿನ ಎಲ್‌ಇಡಿ ಜೀರೋ ಬಲ್ಬು. ಹಿಂದಿನ ಜೀರೋ ಬಲ್ಬು ಹೆಸರಿಗೆ ಜೀರೋ, ತಿನ್ನುತ್ತಿದ್ದದ್ದು 15 ವ್ಯಾಟಿನ ಹತ್ತಿರ. ಈಗಿನದು ನಿಜಕ್ಕೂ ಲೆಕ್ಕಕ್ಕಿಲ್ಲದಷ್ಟು. ಈ ಜೀರೋ ಬಲ್ಬನ್ನು ಸ್ಮಾರ್ಟ್ ಮಾಡ್ಯೂಲಿನ ಬರೀ ಆನ್-ಆಫ್ ಸಾಲಿಗೆ ಕೊಟ್ಟರೆ ರಾತ್ರಿ ಹತ್ತಕ್ಕೆ ತಾನೇ ಹತ್ತುವಂತೆ, ಬೆಳಗಿನ ಆರಕ್ಕೆ ಆರುವಂತೆ ಸಮಯ ಇಡಬಹುದು. ರಾತ್ರಿ ಬಚ್ಚಲಿಗೆ ಎದ್ದು ಹೋಗುವವರಿಗೆ ಇದರಷ್ಟು ಉಪಯೋಗದ್ದು ಇನ್ನೊಂದಿಲ್ಲ. ಮಧ್ಯಮ ಬೆಳಕೂ ಬೇಕೆಂದರೆ ಸ್ವಿಚ್ಚನ್ನು ಒಮ್ಮೆ ಆಫ್ ಆನ್ ಮಾಡಿದರೆ ಮೆಟ್ಟಿಲು ಮೆಟ್ಟಿಲಾಗಿ ಬೆಳಕು ಇಳಿಯುವ ಬಲ್ಬುಗಳು ಸಿಗುತ್ತವೆ. ಅವಕ್ಕೆ ಡಿಮ್ಮರ್ ಬೇಡ, ಮೊಬೈಲೂ ಬೇಡ.

ಮಾಡ್ಯೂಲಿನಲ್ಲಿ ಫ್ಯಾನಿಗೆಂದು ಒಂದು ಸಾಲು ಇರುತ್ತದೆ. ವೇಗ ಕಡಿಮೆ ಜಾಸ್ತಿ ಆಗುತ್ತದಲ್ಲ, ಬಲ್ಬನ್ನೂ ಅದಕ್ಕೆ ಕೊಡೋಣ ಎಂದು ಕೆಲವರು ಪ್ರಯತ್ನ ಮಾಡುತ್ತಾರೆ. ಬೇಡ. ಅದು ಫ್ಯಾನಿನ ಮೋಟರಿಗೆಂದೇ ಮಾಡಿದ್ದು, ಬಲ್ಬು ಹಾಳಾಗುತ್ತದೆ. ಗೋಡೆಯ ಹಳೆಯ ಫ್ಯಾನ್ ರೆಗ್ಯುಲೇಟರಿಗೂ ಇದೇ ಮಾತು.

ಇನ್ವರ್ಟರ್ ಬಗ್ಗೆ ಕೇಳಿದ್ದೀರಿ. ಡಿಮ್ಮರ್ ಅಲೆ ಸೊನ್ನೆಗೆ ಬರುವ ಕ್ಷಣವನ್ನು ಹಿಡಿದು, ಅಲ್ಲಿಂದ ಎಣಿಸಿ ಕತ್ತರಿಸುತ್ತದೆ. ಸೈನ್ ವೇವ್ ಇನ್ವರ್ಟರ್ ಆದರೆ ಅಲೆ ಹೆಚ್ಚು ಕಡಿಮೆ ಲೈನಿನ ಕರೆಂಟಿನಂತೆಯೇ ಇರುತ್ತದೆ. ಸ್ಕ್ವೇರ್ ವೇವ್ ಆದರೆ ಅಲೆ ಚೌಕಾಕಾರ, ಏರುವುದೂ ಇಳಿಯುವುದೂ ಒಮ್ಮೆಲೇ. ಡಿಮ್ಮರಿಗೆ ಲೆಕ್ಕ ತಪ್ಪುತ್ತದೆ. ನಿಮ್ಮ ಇನ್ವರ್ಟರಿನ ಮೇಲೆ ಯಾವುದೆಂದು ಬರೆದಿರುತ್ತದೆ. ಸ್ಕ್ವೇರ್ ವೇವ್ ಇದ್ದರೆ ಡಿಮ್ಮರಿನ ಲೈಟುಗಳನ್ನು ಇನ್ವರ್ಟರ್ ಸಾಲಿನಿಂದ ಹೊರಗಿಟ್ಟು, ಹಾಲಿನಲ್ಲಿ ಒಂದು ಸಾಮಾನ್ಯ ಬಲ್ಬನ್ನು ಮಾತ್ರ ಅದಕ್ಕೆ ಬಿಡಿ. ಬಲ್ಬಿಗಾಗಿ ಇನ್ವರ್ಟರ್ ಬದಲಿಸುವ ಖರ್ಚು ಮಾಡಬೇಡಿ. ಮುಂದೆ ಹೊಸದು ಕೊಳ್ಳುವಾಗ ಸೈನ್ ವೇವ್ ಕೊಳ್ಳಿ.

ನಿಮ್ಮ ಮನೆ ಹಳೆಯದು ಎಂದಿದ್ದೀರಿ. ನಮ್ಮ ಕಡೆಯ ಕಪ್ಪು ಕಲ್ಲಿನ ದಪ್ಪ ಗೋಡೆಗಳನ್ನು ದಾಟುವುದು ವೈಫೈಗೆ ಕಷ್ಟ. ಗೋಡೆಯೊಳಗೆ ಹಳೆಯ ತಗಡಿನ ಡಬ್ಬಿ ಇದ್ದರೆ ಅದು ಇನ್ನಷ್ಟು ತಡೆಯುತ್ತದೆ. ಮೊಬೈಲಿನಿಂದ ಒತ್ತಿ ಎಷ್ಟೋ ಹೊತ್ತಿಗೆ ಲೈಟ್ ಸ್ಪಂದಿಸುತ್ತದೆ ಎಂದಾದರೆ ಡಿಮ್ಮರನ್ನು ಬೈಯುವ ಮೊದಲು ರೂಟರ್ ಇಟ್ಟ ಜಾಗ ಬದಲಿಸಿ ನೋಡಿ. ಇಂಥ ಮಾಡ್ಯೂಲುಗಳು ಸಾಮಾನ್ಯವಾಗಿ 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ವೈಫೈ ಇಲ್ಲದಾಗಲೂ ಗೋಡೆಯ ಸ್ವಿಚ್ ಕೆಲಸ ಮಾಡಬೇಕು. ಹಾಗೆ ಮಾಡದ ಮಾಡ್ಯೂಲನ್ನು ಇಟ್ಟುಕೊಳ್ಳಬೇಡಿ.

ಕರೆಂಟ್ ಬಿಲ್ಲು ಇಳಿಯುತ್ತದೆ ಎನ್ನುವ ಆಸೆಯಿಂದ ಇದಕ್ಕೆ ಕೈ ಹಾಕಿದ್ದರೆ ಲೆಕ್ಕ ಹೇಳುತ್ತೇನೆ. 9 ವ್ಯಾಟಿನ ಬಲ್ಬನ್ನು ದಿನಕ್ಕೆ ಐದು ಗಂಟೆ, ವಿದ್ಯುತ್ ಅರ್ಧಕ್ಕೆ ಇಳಿಯುವಂತೆ ಉರಿಸಿದರೆ ತಿಂಗಳಿಗೆ ಮುಕ್ಕಾಲು ಯೂನಿಟ್ಟೂ ಉಳಿಯುವುದಿಲ್ಲ, ಸುಮಾರು 0.68 ಯೂನಿಟ್. ಮಾಡ್ಯೂಲ್ ಸುಮ್ಮನೆ ಎಚ್ಚರ ಇರಲು 1 ವ್ಯಾಟ್ ತಿಂದರೆ ತಿಂಗಳಿಗೆ 0.72 ಯೂನಿಟ್. ಒಂದೇ ಬಲ್ಬಿಗೆ ಒಂದು ಮಾಡ್ಯೂಲ್ ಎಂದರೆ ಉಳಿದದ್ದು ಅಲ್ಲಿಗೇ ಸರಿ. ತಂತಿ ಬಲ್ಬಿನಿಂದ ಎಲ್‌ಇಡಿಗೆ ಬಂದಾಗಲೇ ದೊಡ್ಡ ಉಳಿತಾಯ ಆಗಿಹೋಗಿದೆ. ಈಗ ಬೆಳಕು ಇಳಿಸುವುದು ಕಣ್ಣಿಗೆ ಹಿತ ಎಂದು, ಟಿವಿ ನೋಡುವಾಗ, ಮಗು ಮಲಗಿಸುವಾಗ ಅನುಕೂಲ ಎಂದು. ಅದು ಸಣ್ಣ ಕಾರಣವಲ್ಲ. ಆದರೆ ಹಾಗೆ ನೋಡಿದರೆ ಮನೆಯ ಎಲ್ಲ ಬಲ್ಬಿಗೂ ಡಿಮ್ಮರ್ ಬೇಕಿಲ್ಲ, ಎರಡು ಮೂರು ಕಡೆ ಸಾಕು.

ಹೊಸ ಬಲ್ಬು ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಇದೆಯಾ ನೋಡಿ. ಬಿಲ್ಲಿನಲ್ಲಿ ಬಲ್ಬಿನ ಮಾಡೆಲ್ ಹೆಸರು ಮತ್ತು ಡಿಮ್ಮಬಲ್ ಎನ್ನುವ ಮಾತು ಎರಡನ್ನೂ ಬರೆಸಿಕೊಳ್ಳಿ. ಡಿಮ್ಮರ್ ಮೇಲೆ ಹಾಕಿದ್ದೀರಿ, ವಾರಂಟಿ ಇಲ್ಲ ಎಂದು ಸಾಮಾನ್ಯ ಬಲ್ಬಿಗೆ ಹೇಳುವಂತೆ ಆಗ ಸುಲಭಕ್ಕೆ ಹೇಳಲಾರರು. ಸುಟ್ಟ ಆ ಎರಡು ಬಲ್ಬುಗಳನ್ನು ಇನ್ನೂ ಎಸೆದಿಲ್ಲವಾದರೆ ಅಂಗಡಿಗೆ ಒಯ್ದು ತೋರಿಸಿ, ಪೆಟ್ಟಿಗೆಯ ಮೇಲೆ ಡಿಮ್ಮಬಲ್ ಎಂದು ಇತ್ತೋ ಇಲ್ಲವೋ ಅಲ್ಲೇ ಓದಿಸಿ. ಮಾಡ್ಯೂಲ್ ಕೂಡಿಸಿದವರನ್ನೂ ಅದೇ ದಿನ ಕರೆಸಿ, ಬೆಡ್‌ರೂಮಿನ ಬೋರ್ಡಿನಲ್ಲಿ ಫೇಸ್, ನ್ಯೂಟ್ರಲ್, ಅರ್ಥಿಂಗ್ ಮೂರೂ ತಮ್ಮ ತಮ್ಮ ಜಾಗದಲ್ಲಿವೆ ಎಂದು ನಿಮ್ಮ ಎದುರಿಗೇ ತೋರಿಸಲು ಹೇಳಿ.